ಡಬ್ಬಿ ಹೇಳದ್ದನ್ನು ಇಳಿದ ಆಯಿಲ್ ಹೇಳುತ್ತದೆ

ಆಯಿಲ್ ಅಂಗಡಿಗೆ ಬಂದ ಗಿರಾಕಿಯ ಮೊದಲ ಪರೀಕ್ಷೆ ಬೆರಳಿನದು. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಒಂದು ಹನಿ ಇಟ್ಟು ತಿಕ್ಕಿ, ಮೆಲ್ಲಗೆ ಬಿಡಿಸಿ, ಎಳೆ ಎಷ್ಟುದ್ದ ಬಂತೆಂದು ನೋಡುವುದು. ಉದ್ದ ಬಂದರೆ ‘ಗಟ್ಟಿ ಅದ, ಛಲೋ ಮಾಲು’. ಬೇಗ ತುಂಡಾದರೆ ‘ನೀರಾಗ್ಯಾದ, ಬ್ಯಾಡ’. ಬೀದರಿನ ಗ್ಯಾರೇಜುಗಳಲ್ಲಿ, ಭಾಲ್ಕಿಯ ಟ್ರ್ಯಾಕ್ಟರ್ ಸಾಮಾನಿನ ಅಂಗಡಿಗಳಲ್ಲಿ, ಸಂತೆಗೆ ಬಂದು ಡಬ್ಬಿ ಕೊಂಡೊಯ್ಯುವ ಔರಾದಿನ ರೈತರಲ್ಲಿ ಈ ಬೆರಳಿನ ತೀರ್ಪಿಗೆ ಮೇಲ್ಮನವಿಯೇ ಇಲ್ಲ. ನಾನು ಇದಕ್ಕೆ ಹತ್ತಕ್ಕೆ ಎರಡು ಅಂಕ ಕೊಡುತ್ತೇನೆ. ಬೆರಳಿನ ಬಿಸಿ 30-35 ಡಿಗ್ರಿ. ಓಡುವ ಇಂಜಿನ್ನಿನ ಚೇಂಬರಿನಲ್ಲಿ ಆಯಿಲ್ ಇರುವುದು 90-100 ಡಿಗ್ರಿಯ ಆಸುಪಾಸಿನಲ್ಲಿ. ತಣ್ಣಗಿದ್ದಾಗ ಜೋತಾಡುವ ಆಯಿಲ್ ಅಷ್ಟು ಬಿಸಿಯಲ್ಲಿ ಏನಾಗುತ್ತದೆಂದು ಬೆರಳಿಗೆ ಹೇಗೆ ಗೊತ್ತಾಗಬೇಕು? ಎಳೆ ಬರುವಂತೆ ಮಾಡುವ ಅಂಟಿನ ಪದಾರ್ಥ ಬೆರೆಸುವುದೂ ದೊಡ್ಡ ವಿದ್ಯೆಯಲ್ಲ.

ಇದು ಬಂಡಿಯ ಕಾಲದಿಂದ ಉಳಿದುಬಂದ ಪರೀಕ್ಷೆ ಇರಬೇಕು. ಆಗ ಅದು ಸರಿಯೇ ಇತ್ತು. ಔಡಲ ಎಣ್ಣೆಯಲ್ಲಿ ಸುಟ್ಟ ಹುಲ್ಲಿನ ಮಸಿ ಕಲಸಿ ಕೀಲೆಣ್ಣೆ ಮಾಡಿ ಅಚ್ಚಿಗೆ ಬಳಿಯುತ್ತಿದ್ದರು. ಎತ್ತಿನ ನಡಿಗೆಗೆ ಅಚ್ಚು ಕಾಯುವುದು ಅಷ್ಟಕ್ಕಷ್ಟೆ, ಆದ್ದರಿಂದ ಬೆರಳಿಗೆ ಅಂಟಿದ್ದು ಅಚ್ಚಿಗೂ ಅಂಟುತ್ತಿತ್ತು. ಔಡಲ ಬೀದರಿಗೆ ಹೊಸದೇನಲ್ಲ. ಬಿದರಿ ಕೆಲಸದವರು ಎರಕದ ಅಚ್ಚಿನ ಮಣ್ಣನ್ನು ಇಂದಿಗೂ ಹದ ಮಾಡುವುದು ಔಡಲ ಎಣ್ಣೆ ಮತ್ತು ರಾಳದಿಂದಲೇ. ಎಣ್ಣೆಯಾಗಿ ಅದರ ಯೋಗ್ಯತೆ ಸಣ್ಣದಲ್ಲ. 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಸುಮಾರು 250 ಸೆಂಟಿಸ್ಟೋಕ್, 100 ಡಿಗ್ರಿಯಲ್ಲಿ 19-20. ಇಂದಿನ ಲೆಕ್ಕದಲ್ಲಿ ಹೇಳಿದರೆ, ಕಾದಾಗ ಅದು 50 ನಂಬರಿನ ಆಯಿಲ್. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್‌ನ ಕಂಪನಿ ತನ್ನ ಹೊಸ ಆಯಿಲ್ಲಿಗೆ ಕ್ಯಾಸ್ಟ್ರಾಲ್ ಎಂದು ಹೆಸರಿಟ್ಟಿದ್ದು ಅದರಲ್ಲಿ ಕ್ಯಾಸ್ಟರ್, ಅಂದರೆ ಔಡಲ, ಇತ್ತೆಂದೇ. ಮೊದಲ ಮಹಾಯುದ್ಧದ ರೋಟರಿ ಇಂಜಿನ್ನಿನ ವಿಮಾನಗಳು ಹಾರಿದ್ದೂ ಔಡಲದ ಮೇಲೆ. ಇಂಜಿನ್ ಉಗುಳಿದ ಎಣ್ಣೆಯ ಹನಿಯೆಲ್ಲ ಪೈಲಟ್ಟಿನ ಮುಖಕ್ಕೇ ಬರುತ್ತಿತ್ತು. ಹೊಟ್ಟೆಯ ಪಾಡು ಓದುಗರ ಊಹೆಗೆ ಬಿಟ್ಟದ್ದು. ಔಡಲದ ದೋಷವೊಂದೇ: ಕಾದು ಕಾದು ಗೋಂದಾಗುತ್ತದೆ. ಬೀದರ್ ವಾಯುನೆಲೆಯಲ್ಲಿ 2008ರಿಂದ ಇರುವ ಹಾಕ್ ತರಬೇತಿ ವಿಮಾನಗಳ ಟರ್ಬೈನಿಗೆ ಹಾಕುವುದು ಎಸ್ಟರ್ ಜಾತಿಯ ಸಿಂಥೆಟಿಕ್ ಆಯಿಲ್. ರಸಾಯನಶಾಸ್ತ್ರದ ಪ್ರಕಾರ ಔಡಲ ಎಣ್ಣೆಯೂ ಎಸ್ಟರೇ. ಗೋಂದಾಗುವ ಗುಣವನ್ನು ಕಳೆದ ಮೊಮ್ಮಗ ಮೇಲೆ ಹಾರುತ್ತಿದ್ದಾನೆ, ಅಜ್ಜ ಕೆಳಗೆ ಬಿದರಿಯ ಮಣ್ಣು ಕಲಸುತ್ತಿದ್ದಾನೆ.

ಇನ್ನು ಡಬ್ಬಿಯ ಮೇಲಿನ ಅಂಕಿ. 15ಡಬ್ಲ್ಯೂ-40, 20ಡಬ್ಲ್ಯೂ-40, 20ಡಬ್ಲ್ಯೂ-50. ‘ಡಬ್ಲ್ಯೂ’ ಎಂದರೆ ವಿಂಟರ್, ಚಳಿಗಾಲ. 15ಡಬ್ಲ್ಯೂ ಆಯಿಲ್ ಹಾಕಿದ ಇಂಜಿನ್ ತಿರುಗಿಸಲು ಎಷ್ಟು ಬಲ ಬೇಕೆಂದು ಅಳೆಯುವುದು ಮೈನಸ್ 20 ಡಿಗ್ರಿಯಲ್ಲಿ, 20ಡಬ್ಲ್ಯೂ ಹಾಕಿದ್ದಕ್ಕೆ ಮೈನಸ್ 15ರಲ್ಲಿ. ಬೀದರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1901ರ ಜನವರಿ 5ರ 2.9 ಡಿಗ್ರಿ. ಆ ದಿನ ಇಲ್ಲಿ ಟ್ರ್ಯಾಕ್ಟರ್ ಇದ್ದಿದ್ದರೂ 20ಡಬ್ಲ್ಯೂ ಹಾಕಿ ಆರಾಮಾಗಿ ಚಾಲೂ ಮಾಡಬಹುದಿತ್ತು. ಚಳಿಗೆಂದೇ ಇಲ್ಲಿ 5ಡಬ್ಲ್ಯೂ ಆಯಿಲ್ಲಿಗೆ ಹೆಚ್ಚು ದುಡ್ಡು ಕೊಡುವುದಕ್ಕೆ ಅರ್ಥವಿಲ್ಲ. (ಹೊಸ ಕಾರಿನ ಪುಸ್ತಕದಲ್ಲಿ 5ಡಬ್ಲ್ಯೂ-30, 0ಡಬ್ಲ್ಯೂ-20 ಎಂದು ಬರೆದಿದ್ದರೆ ಮಾತ್ರ ಅದನ್ನೇ ಹಾಕಿ. ಆ ಇಂಜಿನ್ನಿನ ಬೇರಿಂಗ್ ಸಂದುಗಳನ್ನು, ಮೈಲೇಜನ್ನು ಲೆಕ್ಕ ಹಾಕಿದ್ದೇ ಆ ತೆಳು ಆಯಿಲ್ ಹಿಡಿದು.) ನಮಗೆ ಮುಖ್ಯವಾದದ್ದು ಕೊನೆಯ ಅಂಕಿ. 40 ಎಂದರೆ 100 ಡಿಗ್ರಿಯಲ್ಲಿ 12.5ರಿಂದ 16.3 ಸೆಂಟಿಸ್ಟೋಕಿನೊಳಗೆ, 50 ಎಂದರೆ 16.3ರಿಂದ 21.9ರೊಳಗೆ. ಹೆಚ್ಚಿನ ನಂಬರ್ ಎಂದರೆ ಹೆಚ್ಚಿನ ರಕ್ಷಣೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸಂದು ಬಿಗಿಯಿರುವ ಇಂಜಿನ್ನಿಗೆ ದಪ್ಪ ಆಯಿಲ್ ಹಾಕಿದರೆ ಪಂಪ್ ಎಳೆಯುವುದು ತಡವಾಗುತ್ತದೆ, ಬೇರಿಂಗಿಗೆ ಹರಿಯುವ ಪ್ರಮಾಣ ತಗ್ಗುತ್ತದೆ, ಬಿಸಿ ಏರುತ್ತದೆ. ಸವೆದು ಹೊಗೆ ಬಿಡುವ ಹಳೆ ಇಂಜಿನ್ನಿಗೆ 50 ಹಾಕಿ ಒಂದು ಹಂಗಾಮು ತಳ್ಳಬಹುದು, ನಿಜ. ಅದನ್ನು ಔಷಧವೆಂದು ಮಾತ್ರ ತಿಳಿಯಬಾರದು.

ಅಂಕಿಯ ಪಕ್ಕದ ಅಕ್ಷರಗಳನ್ನು ಬಹಳ ಜನ ಓದುವುದೇ ಇಲ್ಲ. ಎಪಿಐ ಎಂಬುದರ ಮುಂದೆ ಸಿ ಇಂದ ಶುರುವಾದರೆ ಡೀಸೆಲ್ಲಿನದು: ಸಿಎಫ್-4 1990ರದು, ಸಿಎಚ್-4 1998ರದು, ಸಿಐ-4 2002ರದು, ಸಿಕೆ-4 2016ರದು. ಎಸ್ ಇಂದ ಶುರುವಾದರೆ ಪೆಟ್ರೋಲಿನದು. ಹಳೆ ಟ್ರ್ಯಾಕ್ಟರಿಗೆ ಸಿಎಫ್-4 ಬರೆದಿದ್ದರೆ ಸಿಐ-4 ಹಾಕಿದರೆ ನಷ್ಟವಿಲ್ಲ, ಮಸಿಯನ್ನು ಅದು ಇನ್ನೂ ಚೆನ್ನಾಗಿ ಹಿಡಿದಿಡುತ್ತದೆ. ಉಲ್ಟಾ ಮಾಡಬಾರದು. 50 ಎಚ್‌ಪಿಗೆ ಮೇಲಿನ ಟ್ರ್ಯಾಕ್ಟರುಗಳಿಗೆ 2023ರ ಜನವರಿಯಿಂದ ಹೊಸ ಹೊಗೆ ನಿಯಮ ಬಂದಿದೆ. ಅವುಗಳಲ್ಲಿ ಹೊಗೆ ಸೋಸುವ ಸಾಧನ ಇದ್ದರೆ ಅದು ಕಟ್ಟಿಕೊಳ್ಳದಂತೆ ಬೂದಿ ಕಡಿಮೆ ಬಿಡುವ ಆಯಿಲ್ಲೇ ಬೇಕು. ಬೈಕಿನವರು ನೋಡಬೇಕಾದದ್ದು ಜಾಸೋ ಎಂಎ ಎಂಬ ಗುರುತು. ಬೈಕಿನ ಕ್ಲಚ್ ಮುಳುಗಿರುವುದು ಇಂಜಿನ್ ಆಯಿಲ್ಲಿನಲ್ಲೇ. ಕಾರಿಗೆ ಹಾಕಿ ಉಳಿದ ಆಯಿಲ್ ಸುರಿದರೆ ಕ್ಲಚ್ ಜಾರತೊಡಗಬಹುದು. ಟ್ರ್ಯಾಕ್ಟರಿನ ಆಯಿಲ್ ಬ್ರೇಕಿಗೂ ಹೀಗೇ ಬೇರೆ ಆಯಿಲ್ ಇದೆ, ಗೇರು, ಬ್ರೇಕು, ಹೈಡ್ರಾಲಿಕ್ ಮೂರಕ್ಕೂ ಒಂದೇ ಆಗಿ ಬರುವ ಯುಟಿಟಿಒ. ಅದರ ಬದಲು ಸಾದಾ ಗೇರ್ ಆಯಿಲ್ ಹಾಕಿದರೆ ಬ್ರೇಕು ಕಿರ್ರೆನ್ನುತ್ತದೆ, ಹಿಡಿತವೂ ಹೋಗುತ್ತದೆ.

ಇಷ್ಟೆಲ್ಲ ಓದಿ ಸರಿಯಾದ ಡಬ್ಬಿ ತಂದರೂ ಅರ್ಧ ಕೆಲಸ ಮಾತ್ರ ಮುಗಿದಂತೆ. ಆಯಿಲ್ಲಿನ ನಿಜವಾದ ಪರೀಕ್ಷೆ ಅದು ನಮ್ಮ ಹೊಲದಲ್ಲಿ, ನಮ್ಮ ಯಂತ್ರದಲ್ಲಿ ದುಡಿದು ಇಳಿದ ಮೇಲೆ. ಹೊಸ ಆಯಿಲ್ಲೆಲ್ಲ ಹೊಂಬಣ್ಣವೇ. ಇಳಿದ ಆಯಿಲ್ ಒಂದೊಂದು ಊರಿನಲ್ಲಿ ಒಂದೊಂದು ಕಥೆ ಹೇಳುತ್ತದೆ.

ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದಲ್ಲಿ. ಬೇಸಿಗೆಯಲ್ಲಿ ಏಳುವುದು ಕೆಂಪು ದೂಳು, ಕಬ್ಬಿಣದ ಆಕ್ಸೈಡು ತುಂಬಿದ್ದು. ಭಾಲ್ಕಿ, ಔರಾದ್ ಕಡೆ ಇಳಿದರೆ ಬಹುಪಾಲು ಎರೆ ಭೂಮಿ. ಮಳೆಗಾಲದಲ್ಲಿ ಕಾಲಿಗೆ ಹತ್ತುವ ಅದೇ ಮಣ್ಣು ರಾಶಿಯ ದಿನಗಳಲ್ಲಿ ನವಿರಾದ ಪುಡಿಯಾಗಿ ಗಾಳಿ ಸೇರುತ್ತದೆ. ಎರೆಯ ಜೇಡಿ ಮೆತ್ತಗಿನದು, ಅದರೊಳಗಿನ ಮರಳಿನ ಕಣ ಮೆತ್ತಗಿನದಲ್ಲ. ಅದು ಉಕ್ಕನ್ನೇ ಗೀರುತ್ತದೆ. ಬೇರಿಂಗಿನಲ್ಲಿ ಆಯಿಲ್ಲಿನ ಪರೆ ಇರುವುದು ಕೆಲವೇ ಮೈಕ್ರಾನ್ ದಪ್ಪ. ತಲೆಗೂದಲು ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣುವ ದೂಳನ್ನು ಫಿಲ್ಟರ್ ಹಿಡಿಯುತ್ತದೆ. ಹಾಳು ಮಾಡುವುದು 5ರಿಂದ 20 ಮೈಕ್ರಾನಿನ, ಕಾಣದ ದೂಳು. ಸೋಯಾ, ಹೆಸರು, ಉದ್ದು, ಆಮೇಲೆ ತೊಗರಿ, ಕಡಲೆ. ಔರಾದ್ ತಾಲ್ಲೂಕಿನಲ್ಲಿ ರಾಶಿ ಮಷೀನು ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ, ಅದನ್ನು ತಿರುಗಿಸುವ ಟ್ರ್ಯಾಕ್ಟರು ತಾನೇ ಎಬ್ಬಿಸಿದ ಹೊಟ್ಟು ದೂಳಿನ ನಡುವೆ ತಾಸುಗಟ್ಟಲೆ ನಿಂತಲ್ಲೇ ಉಸಿರಾಡುತ್ತದೆ. ಇಂಜಿನ್ ಸವೆತದ ಮಾತಿಗೆ ಬಂದರೆ ಇಲ್ಲಿ ಆಯಿಲ್ಲಿಗಿಂತ ಏರ್ ಫಿಲ್ಟರ್ ದೊಡ್ಡದು. ಆಯಿಲ್ ಬಗ್ಗೆ ಬರೆಯುವವನೇ ಇದನ್ನು ಹೇಳಬೇಕಾಗಿದೆ.

ಹಳೆ ಟ್ರ್ಯಾಕ್ಟರುಗಳ ಫಿಲ್ಟರಿನಲ್ಲಿ ತಳಕ್ಕೆ ಒಂದು ಬಟ್ಟಲು, ಅದರಲ್ಲಿ ಆಯಿಲ್. ಗಾಳಿ ಮೇಲಿನಿಂದ ರಭಸವಾಗಿ ಬಂದು ಆಯಿಲ್ ಮೇಲೆ ತಟ್ಟಿ ಥಟ್ಟನೆ ತಿರುಗಿ ಮೇಲೇಳುತ್ತದೆ. ತಿರುಗಲಾರದ ದೂಳು ಆಯಿಲ್ಲಿಗೆ ಬೀಳುತ್ತದೆ, ಉಳಿದದ್ದನ್ನು ಒದ್ದೆ ಜಾಳಿಗೆ ಹಿಡಿಯುತ್ತದೆ. ಸರಳ, ಚಂದದ ಯೋಜನೆ. ಆ ಬಟ್ಟಲಿಗೆ ಚೇಂಬರಿನಿಂದ ಇಳಿದ ಸುಟ್ಟ ಆಯಿಲ್ ಹಾಕುವುದು ನಮ್ಮ ಕಡೆ ವಾಡಿಕೆ. ‘ದೂಳು ಹಿಡ್ಯಾಕ ಹೊಸ ಆಯಿಲ್ ಯಾಕ ಬೇಕ್ರಿ?’ ಎನ್ನುತ್ತಾರೆ. ಮಸಿಯಿಂದ ದಪ್ಪಗಾದ ಆಯಿಲ್ ಜಾಳಿಗೆಗೆ ಸರಿಯಾಗಿ ಸಿಡಿಯುವುದಿಲ್ಲ. ಜಾಳಿಗೆ ಒಣಗಿದರೆ ದೂಳು ನೇರ ಸಿಲಿಂಡರಿಗೆ. ಇಂಜಿನ್ನಿಗೆ ಹಾಕುವ ಆಯಿಲ್ಲನ್ನೇ, ಹೊಸದನ್ನೇ, ಗೆರೆಯವರೆಗೆ ಹಾಕಬೇಕು. ಗೆರೆ ಮೀರಿದರೆ ಇಂಜಿನ್ ಆ ಆಯಿಲ್ಲನ್ನೇ ಎಳೆದುಕೊಂಡು ತಾನಾಗಿ ಓಡತೊಡಗುತ್ತದೆ, ಅದನ್ನು ನಿಲ್ಲಿಸುವುದು ಭಯಾನಕ ಕೆಲಸ. ರಾಶಿಯ ದಿನಗಳಲ್ಲಿ ದಿನಾ ಬಟ್ಟಲು ಬಿಚ್ಚಿ ನೋಡಿ, ತಳದಲ್ಲಿ ಕೆಸರು ಬೆರಳಷ್ಟು ಕೂತಿದ್ದರೆ ಚೆಲ್ಲಿ ಹೊಸದು ತುಂಬಬೇಕು. ಚೇಂಬರಿನ ಆಯಿಲ್ಲಿಗೆ ಕಂಪನಿ ಪುಸ್ತಕ ಸಾಮಾನ್ಯವಾಗಿ 250 ಗಂಟೆ ಬರೆದಿರುತ್ತದೆ. ಆ ಲೆಕ್ಕ ದೂಳಿಲ್ಲದ ಕಡೆಯದು. ಔರಾದಿನ ರಾಶಿ ಟ್ರ್ಯಾಕ್ಟರಿಗೆ ನಾನಾದರೆ ಅದರ ಅರ್ಧ, ಸ್ವಲ್ಪ ಹೆಚ್ಚು ಕಡಿಮೆ, ಇಟ್ಟುಕೊಳ್ಳುತ್ತೇನೆ.

‘ಮಿಸ್ತ್ರಿ, ನಿನ್ನೆ ಹಾಕಿದ ಆಯಿಲ್ ಇವತ್ತs ಕರ್ರಗ ಆಗ್ಯಾದ, ಮಾಲು ಖೋಟಾ ಅದ ನೋಡು’ ಎಂದು ಜಗಳಕ್ಕೆ ಬರುವವರಿಗೆ ಅನುಭವಸ್ಥ ಮಿಸ್ತ್ರಿ ಕೊಡುವ ಉತ್ತರ ಸರಿ: ‘ಕರ್ರಗ ಆಗ್ಲಿ ಬಿಡ್ರಿ ಕಾಕಾ, ಅದು ತನ್ನ ಕೆಲ್ಸ ಮಾಡ್ಯಾದ.’ ಡೀಸೆಲ್ ಇಂಜಿನ್ನಿನ ಮಸಿಯನ್ನು ತೊಳೆದು ತನ್ನಲ್ಲಿ ತೇಲಿಸಿಟ್ಟುಕೊಳ್ಳುವ ರಾಸಾಯನಿಕಗಳು ಒಳ್ಳೆಯ ಆಯಿಲ್ಲಿನಲ್ಲಿರುತ್ತವೆ. ಬೆಳ್ಳಗೇ ಉಳಿದ ಡೀಸೆಲ್ ಆಯಿಲ್ ಬಗ್ಗೆಯೇ ನನಗೆ ಅನುಮಾನ; ಮಸಿಯೆಲ್ಲ ಎಲ್ಲಿ ಹೋಯಿತು, ರಿಂಗಿನ ಸಂದಿನಲ್ಲಿ ಕೂತಿತೇ? ಕಪ್ಪು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯುವುದಕ್ಕೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯಿದೆ. ಇಂಜಿನ್ ಬಿಸಿಯಾಗಿದ್ದಾಗ ಗೇಜು ಎಳೆದು ಒಂದು ಹನಿ ಒತ್ತುಕಾಗದದ ಮೇಲೆ ಬಿಡಿ. ಅದಿಲ್ಲದಿದ್ದರೆ ಹೊಳಪಿಲ್ಲದ ಲಗ್ನಪತ್ರಿಕೆಯ ಹಿಂಭಾಗವೂ ನಡೆಯುತ್ತದೆ. ಕಾಗದದ ಹನಿ ಬಿದ್ದ ಜಾಗ ಏನಕ್ಕೂ ತಾಗದಂತೆ ಮಟ್ಟಸವಾಗಿಟ್ಟು ಕೆಲವು ತಾಸು ಬಿಡಿ. ನಡುವಿನಿಂದ ಅಂಚಿನವರೆಗೆ ಬೂದುಬಣ್ಣ ಹದವಾಗಿ ಹರಡಿದರೆ ಆಯಿಲ್ಲಿಗೆ ಇನ್ನೂ ಜೀವವಿದೆ. ನಡುವೆ ಕಡುಗಪ್ಪು ಬೊಟ್ಟು, ಅದಕ್ಕೆ ಚೂಪಾದ ಅಂಚು, ಸುತ್ತ ಬರೀ ಎಣ್ಣೆಯ ನೆರಳು ಇದ್ದರೆ ಮಸಿ ಹೊರುವ ಶಕ್ತಿ ಮುಗಿದಿದೆ. ಗಂಟೆಯ ಲೆಕ್ಕ ಏನೇ ಹೇಳಲಿ, ಬದಲಿಸಿ. ಬೊಟ್ಟಿನ ನಡುವೆ ಬೆರಳಿಗೆ ತರಿತರಿ ತಾಗಿದರೆ ದೂಳು ಒಳಗೆ ಬಂದಿದೆ, ಏರ್ ಫಿಲ್ಟರಿನ ಪೈಪು, ಕ್ಲಿಪ್ಪು ನೋಡಿ. ಇಲ್ಲಿ ಬೆರಳಿಗೆ ಹತ್ತಕ್ಕೆ ಹತ್ತು.

ನೀರಿನ ಪರೀಕ್ಷೆ ಇನ್ನೂ ಸುಲಭ. ಒಂದು ಹಳೆ ಕಬ್ಬಿಣದ ಹಂಚನ್ನು ನೀರ ಹನಿ ಕುಣಿಯುವಷ್ಟು ಕಾಯಿಸಿ, ಆಯಿಲ್ಲಿನ ಹನಿ ಹಾಕುವುದು. ಸುಮ್ಮನೆ ಹರಡಿ ಹೊಗೆಯಾಡಿದರೆ ಒಣಗಿದ ಆಯಿಲ್. ಚಟಪಟ ಎಂದರೆ, ಸಾವಿರಕ್ಕೆ ಒಂದು ಪಾಲಿನಷ್ಟು ನೀರಿದ್ದರೂ ಎನ್ನುತ್ತದೆ, ನೀರು ಸೇರಿದೆ. ಮುಖ ದೂರವಿರಲಿ, ಕಣ್ಣಿಗೆ ಕನ್ನಡಕವಿರಲಿ. ಮನೆಯ ಒಲೆಯ ಹತ್ತಿರ ಬೇಡ. ಗೇಜಿನಲ್ಲಿ ಆಯಿಲ್ ಇಳಿಯುವುದನ್ನು ಎಲ್ಲರೂ ಗಮನಿಸುತ್ತಾರೆ, ಏರುವುದನ್ನು ಯಾರೂ ಗಮನಿಸುವುದಿಲ್ಲ. ಏರಿದ್ದರೆ ಒಂದೋ ಡೀಸೆಲ್ ಇಳಿಯುತ್ತಿದೆ, ಇಲ್ಲವೇ ರೇಡಿಯೇಟರಿನ ನೀರು. ಡೀಸೆಲ್ ಆದರೆ ವಾಸನೆ ಹೇಳುತ್ತದೆ, ನೀರಾದರೆ ಆಯಿಲ್ ಹಾಲಿನಂತೆ ಬೆಳ್ಳಗಾಗಿ ಹೇಳುತ್ತದೆ.

ನೀರಿನ ಮಾತು ಬಂದದ್ದರಿಂದ ಕಬ್ಬಿಗೆ ಬರೋಣ. ಕಾರಂಜಾ ಜಲಾಶಯದ ನೀರು, ಬೋರಿನ ನೀರು ನಂಬಿ ಬೀದರ್, ಭಾಲ್ಕಿ ತಾಲ್ಲೂಕುಗಳಲ್ಲಿ ಕಬ್ಬು ಬೆಳೆಯುತ್ತಾರೆ. ಹುಂಜಿಯ ಮಹಾತ್ಮಾ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ, ಇಮಾಂಪುರದ ನಾರಂಜಾ ಸಹಕಾರಿ ಸಕ್ಕರೆ ಕಾರ್ಖಾನೆ, ಜೊತೆಗೆ ಹೊಲದಂಚಿನ ಬೆಲ್ಲದ ಗಾಣಗಳು. ಕಬ್ಬು ಅರೆಯುವ ರೋಲರಿನ ಬೇರಿಂಗಿನಷ್ಟು ಆಯಿಲ್ಲಿಗೆ ಕಷ್ಟ ಕೊಡುವ ಜಾಗ ನನಗೆ ಇನ್ನೊಂದು ಕಂಡಿಲ್ಲ. ಯಾಕೆಂದು ತಿಳಿಯಲು 1883ರ ಇಂಗ್ಲೆಂಡಿಗೆ ಹೋಗಬೇಕು. ಬೋಷಾಂ ಟವರ್ ಎಂಬ ಇಂಜಿನಿಯರ್ ರೈಲಿನ ಅಚ್ಚಿನ ಬೇರಿಂಗ್ ಪರೀಕ್ಷಿಸುತ್ತ, ಎಣ್ಣೆ ಬಿಡಲೆಂದು ಬೇರಿಂಗಿನ ನೆತ್ತಿಯಲ್ಲಿ ತೂತು ಕೊರೆದ. ಬಿಟ್ಟ ಎಣ್ಣೆ ಒಳಗೆ ಹೋಗುವ ಬದಲು ತೂತಿನಿಂದ ಮೇಲೆ ಉಕ್ಕಿತು. ಬಿರಡೆ ಹಾಕಿದ, ಮರದ ಬೆಣೆ ಹೊಡೆದ. ಎರಡನ್ನೂ ಎಣ್ಣೆ ಹೊರಗೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಸಂದಿಗೆ ಎಳೆದುಕೊಂಡು, ಆ ಒತ್ತಡದ ಮೇಲೆ ಇಡೀ ಭಾರವನ್ನು ಎತ್ತಿ ಹಿಡಿಯುತ್ತದೆಂದು ಆಗ ತಿಳಿಯಿತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದರ ಗಣಿತ ಬರೆದ: ವೇಗ ಹೆಚ್ಚಿದರೆ ಪರೆ ದಪ್ಪ, ಭಾರ ಹೆಚ್ಚಿದರೆ ತೆಳು.

ಕಾರ್ಖಾನೆಯ ರೋಲರ್ ನಿಮಿಷಕ್ಕೆ ಬೆರಳೆಣಿಕೆಯ ಸುತ್ತು ತಿರುಗುತ್ತದೆ, ಮೇಲೆ ನೂರಾರು ಟನ್ ಒತ್ತಡ. ವೇಗವಿಲ್ಲ, ಭಾರ ವಿಪರೀತ. ಪರೆ ತಾನಾಗಿ ಏಳುವುದೇ ಇಲ್ಲ. ಹಾಗಾಗಿ ಅಲ್ಲಿ ಬೇಕಾದದ್ದು ಇಂಜಿನ್ ಆಯಿಲ್ಲಿನ ಹತ್ತಾರು ಪಟ್ಟು ದಪ್ಪದ, ಲೋಹಕ್ಕೆ ಕಚ್ಚಿಕೊಂಡಿರುವ, ಆಮ್ಲದ ಗುಣವಿರುವ ಕಬ್ಬಿನ ಹಾಲು ನುಗ್ಗಿದರೂ ತೊಳೆದುಹೋಗದ ಆಯಿಲ್. ಬೇರಿಂಗು ಕಂಚಿನದಾದರೆ ಇನ್ನೊಂದು ಎಚ್ಚರ: ಜಿಎಲ್-5 ಜಾತಿಯ ಗೇರ್ ಆಯಿಲ್ಲಿನಲ್ಲಿರುವ ಗಂಧಕದ ರಾಸಾಯನಿಕಗಳು ಕಂಚು ಹಿತ್ತಾಳೆಗಳನ್ನು ತಿನ್ನಬಹುದು. ಹೊಲದ ಗಾಣದವರು ಇದೇ ಜಾಗಕ್ಕೆ ಸುಟ್ಟ ಆಯಿಲ್ ಎರೆಯುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೇರಿಂಗು ಸವೆಯುವುದು ಒಂದು ಕಡೆ. ರೋಲರಿನ ತುದಿಯಿಂದ ತೊಟ್ಟಿಕ್ಕಿದ್ದು ಹಾಲಿನ ಬಾನಿಗೆ ಬೀಳುತ್ತದೆ, ಅಲ್ಲಿಂದ ಕಡಾಯಿಗೆ, ಬೆಲ್ಲಕ್ಕೆ. ಸುಟ್ಟ ಇಂಜಿನ್ ಆಯಿಲ್ಲಿನಲ್ಲಿ ಕ್ಯಾನ್ಸರ್ ತರುವ ಪದಾರ್ಥಗಳಿರುತ್ತವೆ. ಆಹಾರದ ಯಂತ್ರಗಳಿಗೆಂದೇ ಎಚ್1 ಎಂಬ ಗುರುತಿನ ಗ್ರೀಸ್, ಆಯಿಲ್ ಸಿಗುತ್ತವೆ, ದುಬಾರಿ. ಗಾಣಕ್ಕೆ ಬೇಕಾಗುವುದು ಸ್ವಲ್ಪವೇ ಆದ್ದರಿಂದ ನಾನು ಆ ದುಬಾರಿಯ ಪರ. ಅದಾಗದಿದ್ದರೆ ಬೇರಿಂಗಿನ ಕೆಳಗೆ ತಗಡಿನ ತಟ್ಟೆಯೊಂದನ್ನು ಕಟ್ಟಿ, ಅಷ್ಟಾದರೂ.

ಗ್ರೀಸಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕೆಂಪು, ಹಸಿರು, ನೀಲಿ ಬಣ್ಣಗಳು ಬರೀ ಬಣ್ಣಗಳು. ಹಳದಿ ಕ್ಯಾಲ್ಸಿಯಂ ಗ್ರೀಸ್ ನೀರಿಗೆ ಗಟ್ಟಿ, 90-100 ಡಿಗ್ರಿಗೆ ಕರಗಿ ಹರಿಯುತ್ತದೆ; ಕಲ್ಟಿವೇಟರಿಗೆ, ಟ್ರಾಲಿಯ ಕೊಂಡಿಗೆ ಸಾಕು. ಲಿಥಿಯಂ ಗ್ರೀಸ್ ಕರಗುವುದು 180 ಡಿಗ್ರಿಯ ಆಸುಪಾಸಿನಲ್ಲಿ. ರಾಶಿ ಮಷೀನಿನ ವೇಗದ ಬೇರಿಂಗಿಗೆ, ಚಕ್ರದ ಹಬ್ಬಿಗೆ ಅದೇ ಬೇಕು. ಗ್ರೀಸ್ ಗನ್ ಹಚ್ಚುವ ಮೊದಲು ನಿಪ್ಪಲ್ ಒರೆಸಿ. ಒರೆಸದಿದ್ದರೆ ಗ್ರೀಸಿಗಿಂತ ಮೊದಲು ಒಳಗೆ ಹೋಗುವುದು ಎರೆ ಮಣ್ಣು.

ಕಂಪನಿ ಯಾವುದು ಎಂದು ಕೇಳುವವರಿಗೆ: ಸರ್ವೋ, ಮ್ಯಾಕ್, ಎಚ್‌ಪಿ, ಕ್ಯಾಸ್ಟ್ರಾಲ್, ಗಲ್ಫ್, ವೀಡಾಲ್ ಯಾವುದೇ ಇರಲಿ, ಅಂಕಿ ಅಕ್ಷರ ಒಂದೇ ಇದ್ದು, ಮಾಲು ಅಸಲಿಯಾಗಿದ್ದರೆ ಟ್ರ್ಯಾಕ್ಟರಿನ ಮಟ್ಟಿಗೆ ವ್ಯತ್ಯಾಸ ಸಣ್ಣದು. ದೊಡ್ಡ ವ್ಯತ್ಯಾಸ ಅಸಲಿಗೂ ನಕಲಿಗೂ ನಡುವೆ. ನಕಲಿ ಮಾಡುವವನಿಗೆ ಬೇಕಾದ ಮೊದಲ ವಸ್ತು ಅಸಲಿ ಡಬ್ಬಿ, ಅದನ್ನು ಗುಜರಿಗೆ ಹಾಕುವವರು ನಾವೇ. ಆಯಿಲ್ ಸುರಿದ ಕೂಡಲೇ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಿಂದ ಎರಡು ತೂತು ಹೊಡೆಯಿರಿ. ಬ್ಯಾರಲ್ಲಿನ ಖುಲ್ಲಾ ಆಯಿಲ್ ಅಗ್ಗವೆಂದು ಕೊಂಡರೆ ಕೊಂಡದ್ದೇನೆಂದು ಯಾರೂ ಹೇಳಲಾರರು. ಇಳಿದ ಆಯಿಲ್ಲನ್ನು ಬಾಗಿಲ ಚೌಕಟ್ಟಿಗೆ ಗೆದ್ದಲು ಹತ್ತದಂತೆ ಬಳಿಯುವ, ಬಾವಿಯ ಪಕ್ಕ ಚೆಲ್ಲುವ ಅಭ್ಯಾಸವೂ ಬೇಡ. ಬಳಸಿದ ಆಯಿಲ್ಲನ್ನು ಸಂಗ್ರಹಿಸಿ ಮರುಶುದ್ಧಿ ಮಾಡಿಸುವ ಹೊಣೆಯನ್ನು 2024ರ ಏಪ್ರಿಲ್ 1ರಿಂದ ಕೇಂದ್ರದ ನಿಯಮ ಆಯಿಲ್ ತಯಾರಿಸುವವರ, ತರಿಸುವವರ ಮೇಲೆ ಹಾಕಿದೆ. ಇದನ್ನು ನಿಮ್ಮ ಅಂಗಡಿಯವರಿಗೆ ಒಮ್ಮೆ ನೆನಪಿಸಿ.

ಕೊನೆಗೆ ಒಂದು ಬೇಡಿಕೆ, ಇಂಜಿನಿಯರಿಂಗ್ ಕಾಲೇಜುಗಳಿಗೆ. ಬೀದರಿನ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜಿನಲ್ಲಿ, ಭಾಲ್ಕಿಯ ಭೀಮಣ್ಣ ಖಂಡ್ರೆ ತಾಂತ್ರಿಕ ಸಂಸ್ಥೆಯಲ್ಲಿ ಮೆಕ್ಯಾನಿಕಲ್ ಓದಿದವರು ವಿಟಿಯು ಪಠ್ಯಕ್ರಮದ ಪ್ರಯೋಗ ಪುಸ್ತಕದಲ್ಲಿ ರೆಡ್‌ವುಡ್ ವಿಸ್ಕೋಮೀಟರಿನ ಪ್ರಯೋಗ ಬರೆದಿರುತ್ತಾರೆ, ಆಯಿಲ್ಲಿಗೆ ಬೆಂಕಿ ತಗಲುವ ಬಿಸಿಯನ್ನೂ ಅಳೆದಿರುತ್ತಾರೆ. ಡೀಸೆಲ್ ಬೆರೆತ ಆಯಿಲ್ ಯಾವುದು, ನಕಲಿ 40 ಯಾವುದು ಎಂದು ಹಿಡಿಯಲು ಈ ಎರಡೇ ಪ್ರಯೋಗ ಬಹಳ ಮಟ್ಟಿಗೆ ಸಾಕು. ರೆಡ್‌ವುಡ್ಡಿಗೆ ಬೇಕಾದದ್ದು 50 ಮಿಲಿಲೀಟರ್ ಹರಿಯುವ ಹೊತ್ತಿನ ಲೆಕ್ಕ. ಪ್ರತಿ ವರ್ಷ ಅದೇ ಬಾಟಲಿಯ ಆಯಿಲ್ ಅಳೆಯುವ ಬದಲು, ಸೋಯಾ ರಾಶಿಗೆ ಮೊದಲು ಸುತ್ತಲ ಹಳ್ಳಿಗಳ ಟ್ರ್ಯಾಕ್ಟರಿನಿಂದ ಇಳಿದ ಆಯಿಲ್ಲನ್ನು ಹುಡುಗರ ಕೈಗೆ ಕೊಡಿ. ತರುವ ರೈತರು ಮಾತ್ರ ಒಣಗಿದ ಸೀಸೆಯಲ್ಲಿ, ಇಂಜಿನ್ ಬಿಸಿಯಿದ್ದಾಗ, ಧಾರೆಯ ನಡುವಿನಿಂದ ಹಿಡಿದು ತರಬೇಕು. ಮೊದಲ ಸುರಿತದಲ್ಲಿ ತಳದ ಕೆಸರು ಬರುತ್ತದೆ. ಮುಚ್ಚಳದ ಮೇಲೆ ಗಾಡಿಯ ಗಂಟೆ, ಆಯಿಲ್ ಹಾಕಿದಾಗಿನ ಗಂಟೆ, ಎರಡನ್ನೂ ಬರೆದಿರಬೇಕು.